ಮೈಲ್‌ಸ್ಟೋನ್ ಟ್ರ್ಯಾಕರ್: ಒಳ್ಳೆಯ ಆ್ಯಪ್, ಆದರೆ ತೀರ್ಪು ಕೊಡುವುದು ಅದರ ಕೆಲಸವಲ್ಲ

ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಆ್ಯಪ್ ಇದು, ಉಚಿತ. ಎರಡು ತಿಂಗಳಿಂದ ಐದು ವರ್ಷದವರೆಗೆ, ಮಗು ಏನೇನು ಮಾಡುತ್ತದೆ ಎಂದು ಕೇಳುವ ವಯಸ್ಸಿಗೊಂದು ಪಟ್ಟಿ ಇದೆ. ಪ್ರತಿ ಪ್ರಶ್ನೆಗೆ ಮೂರೇ ಉತ್ತರ: ಹೌದು, ಗೊತ್ತಾಗುತ್ತಿಲ್ಲ, ಇನ್ನೂ ಇಲ್ಲ. ಜೊತೆಗೆ ಫೋಟೊ, ವಿಡಿಯೊ. ಈ ವಿಡಿಯೊಗಳಿಗಾಗಿಯೇ ಆ್ಯಪ್ ಇಟ್ಟುಕೊಳ್ಳಬಹುದು. ‘ಮಗು ಕೂರುತ್ತದೆ’ ಎಂದು ಮನೆಯವರು ಹೇಳುವುದು ಸುತ್ತ ದಿಂಬು ಇಟ್ಟಾಗಿನ ಮಾತು. ಆರು ತಿಂಗಳ ಪಟ್ಟಿ ಕೇಳುವುದು, ಕೂರಿಸಿದಾಗ ಮುಂದೆ ಬಾಗಿ ಕೈಯೂರಿ ಕೂತಿರುತ್ತದೆಯೇ ಎಂದು. ಒಂಬತ್ತಕ್ಕೆ ಆಸರೆಯಿಲ್ಲದೆ ಕೂರಬೇಕು, ತಾನಾಗಿಯೇ ಎದ್ದು ಕೂರಲೂ ಬರಬೇಕು. ಮೂರೂ ಬೇರೆ ಬೇರೆ ಹಂತ.

2022ರಲ್ಲಿ ಪಟ್ಟಿಯನ್ನು ಪೂರ್ತಿ ಪರಿಷ್ಕರಿಸಿದರು. ಮೊದಲು ಇದ್ದದ್ದು ಸುಮಾರು ಅರ್ಧದಷ್ಟು ಮಕ್ಕಳು ಮಾಡುವ ವಯಸ್ಸು; ಈಗ ನೂರಕ್ಕೆ 75 ಅಥವಾ ಹೆಚ್ಚು ಮಕ್ಕಳು ಮಾಡುವ ವಯಸ್ಸು. ಹಾಗಾಗಿ ನಾಲ್ಕಾರು ಹೆಜ್ಜೆ ಇಡುವುದು 15 ತಿಂಗಳ ಪಟ್ಟಿಯಲ್ಲಿದೆ, ಏನನ್ನೂ ಹಿಡಿಯದೆ ನಡೆಯುವುದು 18ರಲ್ಲಿ. ಮೊದಲ ಹುಟ್ಟುಹಬ್ಬಕ್ಕೆ ನಡೆಯಲಿಲ್ಲವೆಂದು ಕೊರಗುವವರಿಗೆ ಇದು ಸಮಾಧಾನ. ಆದರೆ ಪಟ್ಟಿ ಸಡಿಲವಾದಷ್ಟೂ ‘ಇನ್ನೂ ಇಲ್ಲ’ ಎಂಬ ಉತ್ತರದ ತೂಕ ಹೆಚ್ಚು. ‘ನಮ್ಮ ಮನೆತನದಲ್ಲಿ ಎಲ್ಲರೂ ನಿಧಾನವೇ’ ಎಂದು ಮುಂದಿನ ಪಟ್ಟಿಯವರೆಗೆ ಕಾಯಬೇಡಿ, ಡಾಕ್ಟರಿಗೆ ಹೇಳಿ. ಅಂಬೆಗಾಲನ್ನು ಪಟ್ಟಿಯಿಂದಲೇ ತೆಗೆದಿದ್ದಾರೆ. ಕೆಲವು ಮಕ್ಕಳು ಕುಂಡೆಯ ಮೇಲೇ ಜರುಗಿ ನೇರ ಎದ್ದು ನಿಲ್ಲುತ್ತವೆ ನಿಜ; ಆದರೂ ಫಿಸಿಯೊಥೆರಪಿಸ್ಟರಲ್ಲಿ ಹಲವರಿಗೆ ಇದು ಒಪ್ಪಿಗೆಯಾಗಿಲ್ಲ.

ಜಾಸ್ತಿ ಎಡವಟ್ಟಾಗುವುದು ಹುಟ್ಟಿದ ದಿನ ತುಂಬುವಾಗ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಆ ವಿವರವನ್ನೂ ತುಂಬಬೇಕು, ಆಗ ಆ್ಯಪ್ ವಯಸ್ಸನ್ನು ಸರಿಪಡಿಸುತ್ತದೆ. 32 ವಾರಕ್ಕೆ ಹುಟ್ಟಿದ ಕೂಸು 40ಕ್ಕೆ ಎಂಟು ವಾರ ಮೊದಲೇ ಬಂದಿದೆ. ಆರು ತಿಂಗಳಾದಾಗ ಅದಕ್ಕೆ ನಾಲ್ಕು ತಿಂಗಳ ಪಟ್ಟಿ ಹಿಡಿಯಬೇಕು. ಎರಡು ವರ್ಷದವರೆಗೂ ಇದೇ ಲೆಕ್ಕ. ಲಸಿಕೆಗೆ ಮಾತ್ರ ಸಾಮಾನ್ಯವಾಗಿ ಹುಟ್ಟಿದ ದಿನದ್ದೇ ಲೆಕ್ಕ, ಎರಡನ್ನೂ ಕಲಸಬೇಡಿ.

ಪರೀಕ್ಷಿಸುವ ಹೊತ್ತೂ ಮುಖ್ಯ. ಎರಡು ತಿಂಗಳಿಗೆ ಬೋರಲು ಮಲಗಿಸಿದಾಗ ತಲೆ ಎತ್ತುತ್ತದೆಯೇ ಎಂಬ ಪ್ರಶ್ನೆಯಿದೆ. ಹಾಲು ಕುಡಿದ ತಕ್ಷಣ ಹಾಕಿದರೆ ಕಕ್ಕುತ್ತದೆ, ಮೆತ್ತನೆ ಹಾಸಿಗೆಯಲ್ಲಿ ಕೈ ಹೂತು ತಲೆ ಎತ್ತಲು ಊರುವುದಕ್ಕೆ ಏನೂ ಸಿಗುವುದಿಲ್ಲ. ಮಗು ಎಚ್ಚರವಾಗಿ, ಗೆಲುವಾಗಿರುವಾಗ ನೆಲದ ಮೇಲೆ ಜಮಖಾನ ಹಾಸಿ ಮಲಗಿಸಿ, ಎದುರಿಗೆ ನಿಮ್ಮ ಮುಖವಿರಲಿ, ಪಕ್ಕದಿಂದ ಏಳಬೇಡಿ. ಒಂದೆರಡು ನಿಮಿಷ ಸಾಕು. ಒಂದು ದಿನ ಮಾಡಲಿಲ್ಲವೆಂದು ‘ಇಲ್ಲ’ ಒತ್ತುವುದೂ ತಪ್ಪು, ಆಕಸ್ಮಿಕವಾಗಿ ಒಮ್ಮೆ ಮಗುಚಿತೆಂದು ‘ಹೌದು’ ಒತ್ತುವುದೂ ತಪ್ಪು.

ಕೊರತೆಗಳಿವೆ. ಕನ್ನಡವಿಲ್ಲ, ಇಂಗ್ಲಿಷ್ ಬಾರದ ಅಜ್ಜಿಯ ಕೈಯಲ್ಲಿ ಮಗು ಬೆಳೆಯುತ್ತಿದ್ದರೆ ಒಬ್ಬರು ಕೂತು ಓದಿ ಹೇಳಬೇಕು, ದಿನವಿಡೀ ನೋಡುವವರು ಅವರೇ ತಾನೆ. ಇನ್ನೊಂದು, ಇದು ಬಲ-ಎಡ ಹೋಲಿಸಿ ಕೇಳುವುದಿಲ್ಲ. ಆರು ತಿಂಗಳ ಮಗು ಆಟಿಕೆಗೆ ಸದಾ ಒಂದೇ ಕೈ ಚಾಚುತ್ತ ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಟ್ಟುಕೊಂಡರೂ ಪಟ್ಟಿಯಲ್ಲಿ ‘ಹೌದು’ ಎಂದೇ ಬೀಳುತ್ತದೆ. ಇಷ್ಟು ಬೇಗ ಎಡಗೈ-ಬಲಗೈ ಅಭ್ಯಾಸ ಬರುವುದಿಲ್ಲ. ಹೀಗೆ ಒಂದೇ ಕೈ ಬಳಸುವುದು ಡಾಕ್ಟರಿಗೆ ತೋರಿಸಲೇಬೇಕಾದ ಲಕ್ಷಣ. ಬಂದಿದ್ದ ಕಲಿಕೆ ಹೋಗಿದೆಯೇ ಎಂಬ ಪ್ರಶ್ನೆ ಇಟ್ಟಿರುವುದು ಮಾತ್ರ ಮೆಚ್ಚಬೇಕಾದ್ದು. ಅದಕ್ಕೆ ‘ಹೌದು’ ಎಂದಾದರೆ ಮುಂದಿನ ಲಸಿಕೆಯ ದಿನಕ್ಕೆ ಕಾಯುವ ಮಾತೇ ಇಲ್ಲ.

ಆ್ಯಪ್ ಕೊಡುವ ಸಾರಾಂಶವನ್ನು ಡಾಕ್ಟರಿಗೆ ಕಳಿಸಬಹುದು, ಆದರೆ ಅದು ಸ್ಕ್ರೀನಿಂಗ್, ಅಂದರೆ ಬೆಳವಣಿಗೆಯಲ್ಲಿ ತೊಂದರೆ ಇರಬಹುದೇ ಎಂದು ನೋಡುವ ಪರೀಕ್ಷೆ, ಅಲ್ಲ. ನಮ್ಮಲ್ಲಿ ಸ್ಕ್ರೀನಿಂಗ್‌ಗೆ ಎರಡು ವರ್ಷದವರೆಗಿನ 17 ಅಂಶಗಳ ತ್ರಿವೇಂಡ್ರಮ್ ಚಾರ್ಟ್ ಇದೆ. ಫೋನಿಲ್ಲದವರಿಗೆ ಆಶಾ ಕಾರ್ಯಕರ್ತೆಯ ಮೂಲಕ ಸಿಗುವ ತಾಯಿ ಕಾರ್ಡ್ ಸಾಕು. ಅನುಮಾನ ಕಿವಿಯ ಬಗ್ಗೆ ಇದ್ದರೆ, ಅಂದರೆ ದೊಡ್ಡ ಸದ್ದಿಗೂ ಮಗು ಬೆಚ್ಚದಿದ್ದರೆ, ಪಟ್ಟಿ ಬದಿಗಿಟ್ಟು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಆ ಸೌಲಭ್ಯವಿದೆ. ದೋಷವಿದ್ದರೆ ಮೂರು ತಿಂಗಳೊಳಗೆ ಪತ್ತೆಯಾಗಿ ಆರರೊಳಗೆ ಚಿಕಿತ್ಸೆ ಶುರುವಾಗಬೇಕು.