ಡಿಕ್ಕಿ ಮೇಲೆ ವಿಟೆಕ್ ಅಂತಿದ್ದರೆ ನಂಬಬೇಡಿ, ಬಾನೆಟ್ ತೆಗೆಸಿ

ಬೆಂಗಳೂರಲ್ಲಿ ಹಳೇ ಹೋಂಡಾ ಸಿಟಿ ವಿಟೆಕ್ (ಎಂಜಿನ್ ವೇಗ ಏರಿದಾಗ ವಾಲ್ವ್ ಇನ್ನಷ್ಟು ತೆರೆದು ಜಾಸ್ತಿ ಪವರ್ ಕೊಡುವ ಮಾಡೆಲ್) ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಡ್ವಾನ್ಸ್ ಕೊಟ್ಟಾಗಿದ್ದರೂ ಓದಿ. ನನಗೆ 2.4 ಲಕ್ಷಕ್ಕೆ ಮಾರಿದ 'ಫುಲ್ ಟ್ಯೂನ್ಡ್ ವಿಟೆಕ್' ಗಾಡಿಯಲ್ಲಿ ವಿಟೆಕ್ಕೇ ಇಲ್ಲ. ಬಾಡಿ ವಿಟೆಕ್, ಆರ್‌ಸಿ ವಿಟೆಕ್, ಡಿಕ್ಕಿ ಮೇಲಿನ ಅಕ್ಷರವೂ ವಿಟೆಕ್. ಬಾನೆಟ್ ಒಳಗೆ ಕೂತಿರುವುದು ಮಾತ್ರ ವಿಟೆಕ್ ಇಲ್ಲದ ಸಾದಾ ಇಎಕ್ಸ್‌ಐ ಎಂಜಿನ್. ಅದೂ ಸುಸ್ತಾದ ಎಂಜಿನ್.

ಮಾರಿದವನು ಬ್ರೋಕರ್ ಅಲ್ಲ. ಸ್ವಂತ ಗ್ಯಾರೇಜ್ ಇಟ್ಟುಕೊಂಡು 'ಪರ್ಫಾರ್ಮೆನ್ಸ್ ಗಾಡಿ ಮಾತ್ರ ಮುಟ್ಟೋದು' ಅನ್ನುವ ಮನುಷ್ಯ. ಹೆಸರು ಹಾಕುವುದಿಲ್ಲ, ಯಾಕೆಂದರೆ ಲಾಯರ್ ನೋಟಿಸ್ ಕಳಿಸುತ್ತೇನೆ ಅಂತ ಆಗಲೇ ಹೆದರಿಸಿದ್ದಾನೆ. ಮೋಸ ಮಾಡಿದವನೇ ನೋಟಿಸ್ ಕಳಿಸುತ್ತಾನಂತೆ!

1998ರಲ್ಲಿ ಬಂದ ಮೊದಲ ಸಿಟಿಯಲ್ಲಿ 1.3 ಮತ್ತು 1.5 ಲೀಟರ್ ಎಂಜಿನ್‌ಗಳಿದ್ದವು. 1.5 ಇಎಕ್ಸ್‌ಐಗೆ 100 ಎಚ್‌ಪಿ. ಆಮೇಲೆ ಬಂದ ವಿಟೆಕ್‌ಗೆ 106. ಕಾಗದದಲ್ಲಿ ದೊಡ್ಡ ವ್ಯತ್ಯಾಸವಲ್ಲ, ಆದರೆ ಸೆಕೆಂಡ್ ಹ್ಯಾಂಡ್ ರೇಟಿನಲ್ಲಿ ಅಜಗಜಾಂತರ. ವಿಟೆಕ್ ಎಂಜಿನ್ನಿನಲ್ಲಿ ರೆವ್ (ಎಂಜಿನ್ ತಿರುಗುವ ವೇಗ) ಏರಿದಾಗ ಆಯಿಲ್ ಪ್ರೆಶರ್ ಒಂದು ಪಿನ್ ತಳ್ಳುತ್ತದೆ, ವಾಲ್ವ್ ಒತ್ತುವ ರಾಕರ್ ಆರ್ಮ್‌ಗಳು ಲಾಕ್ ಆಗುತ್ತವೆ, ವಾಲ್ವ್‌ಗಳು ಇನ್ನಷ್ಟು ತೆರೆಯುತ್ತವೆ. ಆ ಗಮ್ಮತ್ತಿಗೇ ತಾನೆ ನಾವು ಜಾಸ್ತಿ ದುಡ್ಡು ಕೊಡುವುದು?

ಟೆಸ್ಟ್ ಡ್ರೈವ್‌ನಲ್ಲಿ ಅವನೇ ಓಡಿಸಿದ. ಫ್ರೀ ಫ್ಲೋ ಎಕ್ಸಾಸ್ಟ್, ಓಪನ್ ಫಿಲ್ಟರ್, ಕಿವಿ ಕಿತ್ತುಹೋಗುವಷ್ಟು ಸದ್ದು. ಥರ್ಡ್ ಗೇರಲ್ಲಿ ಒತ್ತಿ ಹಿಡಿದು, "ಕೇಳಿ ಸಾರ್, ಈಗ ವಿಟೆಕ್ ಹೊಡೀತು, ಗೊತ್ತಾಯ್ತಾ?" ಅಂದ. ಆ ಸದ್ದಿನಲ್ಲಿ ಯಾರಿಗೆ ಏನು ಗೊತ್ತಾಗುತ್ತದೆ? 5,500 ಆರ್‌ಪಿಎಂ ದಾಟುವುದರೊಳಗೆ ಗಾಡಿ ತಡೆದಂತಾಯಿತು. ಕೇಳಿದೆ. "ಎಂಜಿನ್ ಸೇಫ್ಟಿಗೆ ಟ್ಯೂನರ್ ಲಿಮಿಟ್ ಇಟ್ಟಿದ್ದಾರೆ ಸಾರ್, ಬೇಕಾದ್ರೆ ತೆಗೆಸ್ತೀನಿ." 140 ಎಚ್‌ಪಿ ಇದೆ ಅಂತ ಫೋನಲ್ಲಿ ಡೈನೋ ಶೀಟ್ (ಎಂಜಿನ್ ಪವರ್ ಅಳೆದ ರಿಪೋರ್ಟ್) ತೋರಿಸಿದ. ಯಾವ ಗಾಡಿಯದು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಟರ್ಬೊ ಇಲ್ಲದ 1.5ಕ್ಕೆ ಬರೀ ಫಿಲ್ಟರ್, ಎಕ್ಸಾಸ್ಟ್ ಹಾಕಿದರೆ ಬೆರಳೆಣಿಕೆಯ ಎಚ್‌ಪಿ ಏರಿದರೆ ಹೆಚ್ಚು. ಇನ್ನೂ 35 ಬೇಕೆಂದರೆ ಹೆಡ್ ವರ್ಕ್, ಕ್ಯಾಮ್, ಕಂಪ್ರೆಶನ್ ಎಲ್ಲಕ್ಕೂ ಕೈ ಹಾಕಬೇಕು. "ಎಲ್ಲ ಮಾಡಿದೀನಿ ಸಾರ್, ಇಸಿಯುಗೆ ಚಿಪ್ ಕೂಡ ಹಾಕಿಸಿದೀನಿ" ಅಂತ (ಇಸಿಯು ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎದೆ ಮುಟ್ಟಿಕೊಂಡು ಹೇಳಿದ.

ಚಾಸಿಸ್ ನಂಬರ್ ನೋಡಿದೆ, ಸರಿ ಇತ್ತು. ಎಂಜಿನ್ ನಂಬರ್ ಇರುವ ಜಾಗದಲ್ಲಿ ಬೆರಳು ದಪ್ಪ ಗ್ರೀಸು, ಮಡ್ಡಿ. "ಹಳೇ ಗಾಡಿ ಸಾರ್, ಎಲ್ಲಾ ಹಂಗೇ ಇರೋದು." ಎಂಜಿನ್ನಿನ ಉಳಿದ ಭಾಗವೆಲ್ಲ ಫಳಫಳ ಹೊಳೆಯುತ್ತಿತ್ತು. ಮೇಲಿನ ಕವರ್‌ಗೆ ಕೆಂಪು ಬಣ್ಣ, ಅದರ ಮೇಲೊಂದು ವಿಟೆಕ್ ಸ್ಟಿಕ್ಕರ್. ಆ ಒಂದು ಅಂಗೈ ಅಗಲದ ಜಾಗಕ್ಕೆ ಮಾತ್ರ ಮಡ್ಡಿ!

ಟೈಮಿಂಗ್ ಬೆಲ್ಟ್ ಬದಲಾಯಿಸಲು ನಮ್ಮ ಮಾಮೂಲಿ ಮೇಸ್ತ್ರಿ ಹತ್ತಿರ ಬಿಟ್ಟೆ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆಯುತ್ತದೆ, ವಾಲ್ವ್ ಬಾಗಿಹೋಗುತ್ತದೆ. ಹಾಗಾಗಿ ಗಾಡಿ ಕೊಂಡ ಕೂಡಲೇ ಮೊದಲು ಬೆಲ್ಟ್ ಬದಲಾಯಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವರು ಬಾನೆಟ್ ಎತ್ತಿ ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಪಕ್ಕ ಟಾರ್ಚ್ ಬಿಟ್ಟರು. ಸುಮ್ನೆ ನಿಂತರು. ಮತ್ತೆ ಬಗ್ಗಿದರು.

"ಸಾರ್, ಸೊಲೆನಾಯ್ಡ್ ಎಲ್ಲಿ?"

ಕೈ ಹಾಕಿ ಎಂಜಿನ್ ಹಿಂದಿನಿಂದ ಒಂದು ವೈರ್ ಎಳೆದರು. ತುದಿಯಲ್ಲಿ ಕನೆಕ್ಟರ್, ಅದಕ್ಕೆ ಸುತ್ತಿದ ಕಪ್ಪು ಟೇಪ್. ಟೇಪ್ ಇನ್ನೂ ಹೊಸದು, ಅಂಟು ಅಂಟು. ವಿಟೆಕ್ ಸೊಲೆನಾಯ್ಡ್‌ಗೆ ಹೋಗಬೇಕಾದ ವೈರ್ ಅದು. ವಿಟೆಕ್ ಪಿನ್‌ಗೆ ಆಯಿಲ್ ಬಿಡುವ ಕರೆಂಟ್ ವಾಲ್ವೇ ಈ ಸೊಲೆನಾಯ್ಡ್. ಸಿಕ್ಕಿಸಲು ಸೊಲೆನಾಯ್ಡೇ ಇಲ್ಲ, ಅದು ಕೂರುವ ವಿಟೆಕ್ ಹೆಡ್ಡೂ ಇಲ್ಲ. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಹಿಂದಿನ ಭಾನುವಾರವಷ್ಟೇ ಗೆಳೆಯರನ್ನು ಕೂರಿಸಿಕೊಂಡು "ಈಗ ನೋಡ್ರೋ, ವಿಟೆಕ್" ಅಂತ ತೋರಿಸಿದ್ದೆ. ಗ್ಯಾರೇಜಿನ ಹುಡುಗರು ಆ ಕಡೆ ತಿರುಗಿಕೊಂಡು ನಗುತ್ತಿದ್ದರು.

ಮೇಸ್ತ್ರಿ ಕೀ ಆನ್ ಮಾಡಿದರು. ಚೆಕ್ ಎಂಜಿನ್ ದೀಪ ಒಂದು ಕ್ಷಣ ಹತ್ತಿ ಆರಬೇಕು ಅಲ್ವಾ? ಹತ್ತಲೇ ಇಲ್ಲ. ಮೀಟರ್ ಬಿಚ್ಚಿದರೆ ಆ ಬಲ್ಬೇ ಇಲ್ಲ. ಬಲ್ಬ್ ಕಿತ್ತಿದ್ದಾನೆ! ಸೊಲೆನಾಯ್ಡ್ ಸಿಗದೆ ಇಸಿಯು ದೋಷ ತೋರಿಸುತ್ತಲೇ ಇತ್ತು, ಎಂಜಿನ್ ಉಳಿಸಲು ರೆವ್ ತಡೆಯುತ್ತಿತ್ತು. 'ಟ್ಯೂನರ್ ಇಟ್ಟ ಲಿಮಿಟ್' ಅಂದರೆ ಇದೇ. ಇಸಿಯು ಡಬ್ಬಿಯೊಳಗೆ ಬೆಸುಗೆ ಮುಟ್ಟಿಸಿದ ಗುರುತೂ ಇಲ್ಲ. ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದರೆ ಮೂರು ಸಿಲಿಂಡರ್ 170 ಪಿಎಸ್‌ಐ ಆಸುಪಾಸು, ಒಂದು 120. ಹೋಂಡಾ ಪ್ರಕಾರ ಸಿಲಿಂಡರ್‌ಗಳ ನಡುವೆ 28 ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿತು, ಅಂದರೆ ಪಿಸ್ಟನ್ ರಿಂಗ್ ಹೋಗಿದೆ. ಹೊಗೆ ಕಾಣದಿರಲಿ ಅಂತ ಗಟ್ಟಿ ಆಯಿಲ್ ತುಂಬಿಸಿದ್ದ.

ಈಗ ಅವನ ಉತ್ತರಗಳನ್ನು ಕೇಳಿ. ಮೊದಲು, "ಮೇಸ್ತ್ರಿಗೆ ಜಪಾನ್ ಎಂಜಿನ್ ಗೊತ್ತಿಲ್ಲ ಸಾರ್." ಫೋಟೋ ಕಳಿಸಿದೆ. "ಇದು ನಾನು ಕೊಟ್ಟ ಗಾಡಿನೇ ಅಲ್ಲ." ನಂಬರ್ ಪ್ಲೇಟ್ ಸಮೇತ ವಿಡಿಯೋ ಕಳಿಸಿದೆ. ಎರಡು ನೀಲಿ ಟಿಕ್, ಆಮೇಲೆ ದಿನವಿಡೀ ಮೌನ. ರಾತ್ರಿ ಬಂದ ಮೆಸೇಜ್ ಇದು: "ಸಾರ್, 100ಕ್ಕೂ 106ಕ್ಕೂ ಆರು ಎಚ್‌ಪಿ ಡಿಫರೆನ್ಸ್. ಆರು ಎಚ್‌ಪಿಗೆ ಇಷ್ಟೊಂದು ಗಲಾಟೆನಾ?"

ಆರು ಎಚ್‌ಪಿ! ದುಡ್ಡು ಎಣಿಸುವಾಗ 140 ಅಂದವನು ಇವನೇ.

ಅಷ್ಟಕ್ಕೇ ಮುಗಿದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆರ್‌ಸಿ ಅವಧಿ ಮುಗಿಯುತ್ತಾ ಬಂದಿತ್ತು. ಖಾಸಗಿ ಕಾರಿಗೆ 15 ವರ್ಷ ಆದಮೇಲೆ ಐದೈದು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕಲ್ಲ. ಆರ್‌ಟಿಓದಲ್ಲಿ ಇನ್ಸ್‌ಪೆಕ್ಟರ್ ಚಾಸಿಸ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಆಮೇಲೆ ಎಂಜಿನ್ ನಂಬರ್ ಓದಿ ಆರ್‌ಸಿ ನೋಡಿದರು. "ನಂಬರ್ ಬೇರೆ ಇದೆಯಲ್ರೀ. ಎಂಜಿನ್ ಬಿಲ್ ಎಲ್ಲಿ?" ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾಯಿಸಿದರೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಬೇಕು. ಬಿಲ್ ಕೇಳಿದ್ದಕ್ಕೆ ಮಾರಿದ ಮಹಾಶಯನ ಉತ್ತರ: "ಗುಜರಿಯಲ್ಲಿ ಬಿಲ್ ಯಾರು ಕೊಡ್ತಾರೆ ಸಾರ್?" ಕದ್ದ ಗಾಡಿಯ ಎಂಜಿನ್ ಆಗಿದ್ದರೆ? ನಾಳೆ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರಿಗೆ ಏನು ಹೇಳಲಿ? "ಅದೆಲ್ಲ ಏನೂ ಆಗಲ್ಲ" ಅಂದು ಬ್ಲಾಕ್ ಮಾಡಿದ.

ಹೋಂಡಾ ಎಂಜಿನ್ ಬಗ್ಗೆ ನನಗೆ ಸಿಟ್ಟಿಲ್ಲ. ಆಯಿಲ್, ಬೆಲ್ಟ್, ಕೂಲೆಂಟ್ ನೋಡಿಕೊಂಡರೆ ಇವತ್ತಿಗೂ ಇವಕ್ಕೆ ಸಾವಿಲ್ಲ. ಸಿಟ್ಟು ಇಂಥವರ ಮೇಲೆ.

ಕೊಳ್ಳುವವರು ಮಾರುವವನ ಗ್ಯಾರೇಜಿನಲ್ಲಿ ಮಾತ್ರ ಗಾಡಿ ನೋಡಬೇಡಿ, ನಿಮ್ಮ ಮೇಸ್ತ್ರಿಯನ್ನೇ ಕರೆದುಕೊಂಡು ಹೋಗಿ. ಎಂಜಿನ್ ನಂಬರ್ ಮೇಲೆ ಮಡ್ಡಿ ಇದ್ದರೆ ಪೆಟ್ರೋಲ್, ಬಟ್ಟೆ ತಗೊಂಡು ನೀವೇ ಒರೆಸಿ. ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ. ಕೀ ಆನ್ ಮಾಡಿದಾಗ ದೀಪ ಹತ್ತುತ್ತಾ ನೋಡಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಕಂಪ್ರೆಶನ್ ಚೆಕ್‌ಗೆ ಒಪ್ಪದವನಿಗೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ.

ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದೇನೆ. ಗಾಡಿ ಮನೆ ಮುಂದೆ ನಿಂತಿದೆ. ಅವನು ಆಗಲೇ ಇನ್ನೊಂದು ಸಿಟಿ ಮಾರಾಟಕ್ಕಿಟ್ಟಿದ್ದಾನೆ, ಅದಕ್ಕೂ ಕೆಂಪು ಕವರ್, ಅದೇ ಸ್ಟಿಕ್ಕರ್. ಯಾರಾದರೂ ಆ ಗಾಡಿ ನೋಡಲು ಹೋಗುವವರಿದ್ದರೆ ಮೊದಲು ನನಗೊಂದು ಮೆಸೇಜ್ ಹಾಕಿ. ಬಿಲ್ ಇರುವ ಅಸಲಿ ವಿಟೆಕ್ ಎಂಜಿನ್ ಯಾರ ಹತ್ತಿರವಾದರೂ ಇದ್ದರೂ ತಿಳಿಸಿ. ಬಿಲ್ ಇಲ್ಲದವರು ದಯವಿಟ್ಟು ಬೇಡ.