ದೂರ ಸರಿ, ಸಮಯ ಅರೆಬರೆ: ವಿಮಾನದೂರ ತಿಳಿಸುವ ಒಂದು ಆ್ಯಪ್

ಎರಡು ಊರುಗಳ ಹೆಸರು ಕೊಟ್ಟರೆ ವಿಮಾನದ ದೂರವನ್ನೂ ಪ್ರಯಾಣದ ಅವಧಿಯನ್ನೂ ಹೇಳುವ ಉಚಿತ ಆ್ಯಪ್ ಒಂದನ್ನು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗಳ ಮನೆಗೆ ಹೊರಡುವ ಮುನ್ನ ಬಳಸಿ ನೋಡಿದೆ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 14,000 ಕಿ.ಮೀ. ಎಂದು ಅದು ತೋರಿಸಿದ್ದು ಸರಿಯಾಗಿಯೇ ಇದೆ. ಭೂಮಿಯ ದುಂಡನೆಯ ಮೈಮೇಲೆ ಅತಿ ಹತ್ತಿರದ ದಾರಿ ಉತ್ತರಧ್ರುವದ ಕಡೆಗೆ ಬಾಗುವುದನ್ನೂ ನಕ್ಷೆಯಲ್ಲಿ ಚೆನ್ನಾಗಿ ಬಿಡಿಸಿದೆ. (ಅಮೆರಿಕಕ್ಕೆ ಹೋಗಲು ಮಂಜುಗಡ್ಡೆಯ ಮೇಲೇಕೆ ಹಾಯಬೇಕೆಂದು ನಮ್ಮ ಮನೆಯವರು ಇಂದಿಗೂ ಕೇಳುತ್ತಾರೆ.)

ತೊಡಕಿರುವುದು ಅವಧಿಯಲ್ಲಿ. ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ, ಹೋಗಲೂ ಬರಲೂ ಒಂದೇ ಹದಿನೈದೂವರೆ ಗಂಟೆ ಎಂದುಬಿಡುತ್ತದೆ. ಆದರೆ ಮೇಲ್ಗಾಳಿಯ ಅನುಕೂಲ, ಯುದ್ಧದಿಂದ ಮುಚ್ಚಿದ ವಾಯುಪ್ರದೇಶ, ಮೇಲೇರಿ ಇಳಿಯುವಾಗಿನ ನಿಧಾನಗತಿ ಇವೆಲ್ಲ ಸೇರಿ ನಿಜವಾದ ಹಾರಾಟದ ಸಮಯ ಬದಲಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಧ್ರುವದ ಮೇಲಿಂದ ತಂದಾಗ, ಅದು ಕ್ರಮಿಸಿದ್ದು ಸುಮಾರು 16,000 ಕಿ.ಮೀ., ಹಿಡಿದದ್ದು ಸುಮಾರು 17 ಗಂಟೆ.

ಇನ್ನೊಂದು ಕೊರತೆ ಎಂದರೆ, ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯಿರುವ ಕಾಲವ್ಯತ್ಯಾಸವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜನವರಿಯಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು 16 ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ. ನಾನು ಆ್ಯಪ್ ನಂಬಿ ಮಗಳಿಗೆ ಮರುದಿನದ ತಾರೀಕು ಹೇಳಿದ್ದೆ. ದೂರಕ್ಕಷ್ಟೇ ಬಳಸುವುದಾದರೆ ಐದಕ್ಕೆ ನಾಲ್ಕು ಅಂಕ, ಸಮಯಕ್ಕಾದರೆ ಎರಡೇ.