ಕೇಸಿಂಗ್ ಪೈಪಿನ ಸುರಂಗ ಫಿನ್: ಎರಡು ಹಂಗಾಮು ಬಳಸಿದ ಮೇಲೆ

ಸರ್ಫ್ ಬೋರ್ಡಿನ ಬಾಲದಡಿ ನೀರಿಗಿಳಿಯುವ ರೆಕ್ಕೆಯೇ ಫಿನ್. ಪೈಪಿನಿಂದ ನಾನೇ ಮಾಡಿಕೊಂಡ ಫಿನ್ನಿನ ಸದ್ದಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಹೆಚ್ಚು ಕಾಡಿದ್ದು ಅದೇ. ಮಂಗಳೂರು ಬಳಿಯ ಸಸಿಹಿತ್ಲು ಕಡಲತೀರದಲ್ಲಿ ಸೊಂಟದೆತ್ತರದ ಅಲೆ ಹಿಡಿದು ಬೋರ್ಡ್ ಓಟಕ್ಕೆ ಬಿದ್ದ ಕೂಡಲೇ ಕಾಲಡಿಯಿಂದ ‘ಗುಂಯ್’ ಎಂದು ಶುರುವಾಗುತ್ತಿತ್ತು, ತಂಬೂರಿಯ ಒಂದೇ ತಂತಿಯನ್ನು ಬಿಡದೆ ಮೀಟಿದ ಹಾಗೆ. ಅಂಗಾಲಿಗೆ ನಡುಕ ತಾಗುತ್ತಿತ್ತು. ಪಕ್ಕದ ಬೋರ್ಡಿನ ಮೇಲೆ ಕೂತಿದ್ದ ತರಬೇತುದಾರ ಹುಡುಗ, “ಎಂತದ್ದು ಮಾರಾಯ್ರೆ ಅದು ಸೌಂಡು?” ಎಂದ.

ನಾನಿರುವುದು ಕಲಬುರಗಿಯಲ್ಲಿ. ಸಮುದ್ರ ಅಂದರೆ ಒಂದು ಇಡೀ ರಾತ್ರಿಯ ಬಸ್ಸು. ನವೆಂಬರಿನಿಂದ ಫೆಬ್ರವರಿಯೊಳಗೆ ಎರಡೋ ಮೂರೋ ಸಲ ಹೋಗಿ ಬಂದರೆ ವರ್ಷದ ರಜೆ ಮುಗಿದಂತೆ. ಉಳಿದ ತಿಂಗಳೆಲ್ಲ ಮಾಳಿಗೆಯ ಮೇಲೆ ಫಿನ್ ಮಾಡುವುದು. ಹೊಸ ಆಕಾರ ನೋಡಬೇಕೆನಿಸಿದಾಗಲೆಲ್ಲ ಅಂಗಡಿಯ ಫಿನ್ ತರಿಸಲು ನನ್ನ ಸಂಬಳ ಸಾಲುವುದಿಲ್ಲ. ಈ ಫಿನ್ನಿಗೆ ಬೇಕಾದ ಪೈಪು ಪುಕ್ಕಟೆ ಸಿಕ್ಕಿತು. ಕಾಕಾನ ತೊಗರಿ ಹೊಲದಲ್ಲಿ ಬೋರ್ ಹಾಕಿಸಿದಾಗ ಉಳಿದಿದ್ದ ಏಳು ಇಂಚಿನ ನೀಲಿ ಕೇಸಿಂಗ್ ಪೈಪಿನ ತುಂಡು ಅದು. ರಾಳ, ಫೈಬರ್ ಬಟ್ಟೆ, ಉಪ್ಪುಕಾಗದ ಎಲ್ಲ ಸೇರಿ ₹700 ದಾಟಲಿಲ್ಲ.

1935ರಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ದೋಣಿಯ ಅಡಿಪಟ್ಟಿಯೊಂದನ್ನು ತನ್ನ ಬೋರ್ಡಿಗೆ ಜೋಡಿಸಿದ ಮೇಲೆಯೇ ಸರ್ಫ್ ಬೋರ್ಡಿಗೆ ಫಿನ್ ಬಂದಿದ್ದು. ಸುರಂಗ ಫಿನ್ 1960ರ ದಶಕದ ಪ್ರಯೋಗ. ನನ್ನದರಲ್ಲಿ ಬೋರ್ಡಿನ ಫಿನ್ ಪೆಟ್ಟಿಗೆಗೆ ಕೂರುವ ಒಂದು ಗಿಡ್ಡ ಕಾಂಡವಿದೆ. ಅದರ ತುದಿಗೆ ಪೈಪಿನ ಸೀಳು ತೊಟ್ಟಿಲಿನ ಹಾಗೆ ಮೇಲ್ಮುಖವಾಗಿ ತೂಗುತ್ತದೆ. ತೊಟ್ಟಿಲಿಗೂ ಬೋರ್ಡಿಗೂ ನಡುವೆ ನೀರು ಹರಿದು ಹೋಗುತ್ತದೆ.

ಮಾಡುವ ಕೆಲಸ ನನಗೆ ಬಲು ಇಷ್ಟ. ನಮ್ಮೂರ ಏಪ್ರಿಲ್ಲಿನಲ್ಲಿ ಬೆಳಕು ಬಲಿತರೆ ರಾಳ ಕೈಗೆ ಹತ್ತುವುದಿಲ್ಲ. ಹಾಗಾಗಿ ಬೆಳಗಿನ ಐದಕ್ಕೆ ಎದ್ದು, ಶಹಾಬಾದ್ ಕಲ್ಲಿನ ನೆಲ ಒರೆಸಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತೇನೆ. ರಾತ್ರಿಯಿಡೀ ತಣಿದ ಕಲ್ಲು ಅಂಗೈಗೆ ಹಿತವಾಗಿರುತ್ತದೆ. ಅವ್ವ ಕೆಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಗುವುದರೊಳಗೆ ಕಾಂಡದ ಪದರಗಳೆಲ್ಲ ಕೂತಿರಬೇಕು. ಬಿಳಿ ಬಟ್ಟೆ ರಾಳ ಕುಡಿದು ಗಾಜಿನಂತೆ ಪಾರದರ್ಶಕವಾಗುವುದನ್ನು ಎಷ್ಟು ಸಲ ನೋಡಿದರೂ ಸಾಕೆನಿಸದು. ಕೂಲರ್ ಡಬ್ಬ ರಿಪೇರಿ ಮಾಡುವ ಫೈಬರ್ ಅಂಗಡಿಯ ಭಾಯ್ ಮೊದಲೇ ಹೇಳಿದ್ದರು: “ಬ್ಯಾಸಗ್ಯಾಗ ಹಾರ್ಡ್‌ನರ್ ಕಮ್ಮಿ ಹಾಕ್ರಿ, ಇಲ್ಲಾಂದ್ರ ಮಗ್ಗಿನ್ಯಾಗೇ ಕಲ್ಲಾಗ್ತದ.” ಆಳವಾದ ಮಗ್ಗಿನಲ್ಲಿ ರಾಳ ತನ್ನ ಬಿಸಿಗೆ ತಾನೇ ಕುದಿಯುತ್ತದೆ, ಅಗಲದ ತಟ್ಟೆಗೆ ಸುರಿದರೆ ಕೆಲಸಕ್ಕೆ ಹೊತ್ತು ಸಿಗುತ್ತದೆ. ಒಂದು ಎಚ್ಚರಿಕೆ: ರಾಳ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರಾವಣವನ್ನೂ ಹಾರ್ಡ್‌ನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬೇಡಿ, ಸಿಡಿಯುತ್ತದೆ. ಮೊದಲು ರಾಳಕ್ಕೆ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲೆಸಿ, ಆಮೇಲೆ ಹಾರ್ಡ್‌ನರ್.

ನೀರಿನಲ್ಲಿ ಇದರ ಗುಣವೇ ಬೇರೆ. ಬೋರ್ಡಿನ ಬಾಲ ಅಲೆಗೆ ಅಂಟಿಕೊಂಡಂತೆ ಕೂರುತ್ತದೆ. ಮುಂದಕ್ಕೆ ಹೆಜ್ಜೆ ಹಾಕಿದರೆ ಮೂತಿ ಮುಳುಗುವ ಭಯವಿಲ್ಲ. ಮಾಮೂಲಿ ಫಿನ್ನಿನಲ್ಲಿ ಎರಡು ಹೆಜ್ಜೆಗೇ ತತ್ತರಿಸುತ್ತಿದ್ದವನು ಇದರಲ್ಲಿ ತುದಿಯವರೆಗೂ ಹೋಗಿ ನಿಂತೆ. ಮೊದಲ ಹಂಗಾಮಿನ ಆ ಮುಂಜಾನೆ ನನಗೆ ಇನ್ನೂ ಹಾಗೇ ಕಣ್ಣ ಮುಂದಿದೆ.

ಆದರೆ ತಿರುವಿನ ಮಾತು ಬಂದರೆ ಇದು ಹಟಮಾರಿ. ಹಿಂಗಾಲಿನ ಮೇಲೆ ಪೂರ್ತಿ ಭಾರ ಹಾಕಿದರೂ ಬಂಡಿ ಹೊರಳಿದ ಹಾಗೆ ನಿಧಾನ. ಜನ ತುಂಬಿದ ಕಡೆ ಇದನ್ನು ಹಾಕಲೇಬೇಡಿ, ಎದುರಿಗೆ ಬಂದವರನ್ನು ತಪ್ಪಿಸಲಾಗದು. ಅದರ ಮೇಲೆ ಆ ಗುಂಯ್‌ಗುಟ್ಟುವಿಕೆ. ಎರಡನೇ ಹಂಗಾಮಿನ ಮೊದಲ ದಿನ ನಿಜಕ್ಕೂ ಸಿಟ್ಟು ಬಂದು ಫಿನ್ ಬಿಚ್ಚಿ ಚೀಲಕ್ಕೆ ಹಾಕಿದೆ. ಸಮುದ್ರದ ಸದ್ದು ಕೇಳಲೆಂದೇ ಅಷ್ಟು ದೂರ ಬಂದವನಿಗೆ ಅದೊಂದೇ ಸ್ವರ ಕಿವಿ ತುಂಬಿದರೆ ಹೇಗೆ?

ಕಾರಣ ಸಿಕ್ಕಿದ್ದು ಸಂಜೆ ಕೋಣೆಯಲ್ಲಿ ಬೆರಳಾಡಿಸುವಾಗ. ಪೈಪಿನ ಮುಂಅಂಚನ್ನು ಚೆನ್ನಾಗಿ ಉಜ್ಜಿ ದುಂಡಗೆ ಮಾಡಿದ್ದೆ. ಹಿಂಅಂಚು ಮಾತ್ರ ಹ್ಯಾಕ್ಸಾ ಕೊಯ್ದ ಹಾಗೆ ಚೌಕವಾಗಿಯೇ ಇತ್ತು. ಅಂಥ ಅಂಚಿನಿಂದ ಬಿಡಿಸಿಕೊಳ್ಳುವ ನೀರು ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ಸುಳಿ ಕಟ್ಟುತ್ತದೆ. ಆ ಸುಳಿಗಳ ಲಯ ಫಿನ್ನಿನ ಸ್ವಂತ ಕಂಪನಕ್ಕೆ ಕೂಡಿಬಂದಾಗ ಫಿನ್ ಹಾಡುತ್ತದೆ. ಹಡಗಿನ ಪ್ರೊಪೆಲ್ಲರುಗಳೂ ಹೀಗೆಯೇ ಹಾಡುತ್ತವೆ, ಅದಕ್ಕೆ ಮದ್ದು ಅಂಚನ್ನು ಒಂದೇ ಬದಿಗೆ ಓರೆಯಾಗಿ ಇಳಿಸುವುದು. ಪಕ್ಕದ ಗ್ಯಾರೇಜಿನಲ್ಲಿ ಅರ ಇಸಿದುಕೊಂಡು, ಹೊರಬದಿಯಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಅರ್ಧ ಗಂಟೆ ಉಜ್ಜಿದೆ. ನೀಲಿ ಪುಡಿ ಲುಂಗಿಯ ತುಂಬ.

ಮರುದಿನ ಮೊದಲ ಅಲೆಗೆ ಉಸಿರು ಬಿಗಿಹಿಡಿದು ಕೂತೆ. ಎದ್ದು ನಿಂತೆ, ವೇಗ ಏರಿತು. ಬೋರ್ಡಿನ ಅಡಿಯಲ್ಲಿ ನೀರು ಸರಿಯುವ ಸಣ್ಣ ಸರಸರ ಬಿಟ್ಟರೆ ಬೇರೇನೂ ಕೇಳಲಿಲ್ಲ.

ಉದ್ದ ಬೋರ್ಡು, ಸಣ್ಣ ಅಲೆ, ನೆಟ್ಟಗಿನ ಓಟ ಇಷ್ಟವಿದ್ದವರು ಧೈರ್ಯವಾಗಿ ಮಾಡಿಕೊಳ್ಳಿ. ಪೈಪಿನ ನುಣುಪಿಗೆ ರಾಳ ಗಟ್ಟಿಯಾಗಿ ಹಿಡಿಯುವುದಿಲ್ಲ, ಅಂಟಿಸುವ ಜಾಗವನ್ನು ಮೊದಲು ಚೆನ್ನಾಗಿ ತರಚಿ. ನನ್ನದರಲ್ಲಿ ಎಡಮೂಲೆಯ ಪದರ ಉಗುರು ತೂರುವಷ್ಟು ಎದ್ದಿದೆ. ಅಲ್ಲಿ ನಾಲ್ಕು ಸಣ್ಣ ತೂತು ಕೊರೆದು, ಫೈಬರ್ ಎಳೆಗಳನ್ನು ಪೋಣಿಸಿ ಮತ್ತೆ ರಾಳ ಕುಡಿಸಬೇಕು, ನವೆಂಬರಿಗೆ ಮುಂಚೆ.